ಸುಲಿಯೋರ ಸ್ಕೂಲಿನ ಪ್ರೆಸಿಡೆಂಟು

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಅನ್ನುತ್ತಾರೆ ನಮ್ಮ ಕಡೆ. ಇಪ್ಪತ್ತಾರು ವರ್ಷ ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಚಿಕ್ಕರಂಗಯ್ಯ. ಹೋದ ಮಾಘದಲ್ಲಿ ಸತ್ತ. ನಲವತ್ತೇಳು ವರ್ಷ ಇರಬಹುದು. ಸರಿಯಾಗಿ ಯಾರಿಗೂ ಗೊತ್ತಿಲ್ಲ.

ತೆಂಗಿನಕಾಯಿ ಸುಲಿಯುವುದು ಅವನ ಕೆಲಸ. ನೆಲಕ್ಕೆ ಹಾರೆ ನೆಟ್ಟು, ಮೊನೆಗೆ ಕಾಯಿ ಕುಕ್ಕಿ, ಎರಡು ಸಲ ತಿರುವಿದರೆ ಮಟ್ಟೆ ಬೇರೆ, ಕಾಯಿ ಬೇರೆ. ದಿನಕ್ಕೆ ಸಾವಿರದ ಇನ್ನೂರು ಕಾಯಿ ಸುಲಿಯುತ್ತಿದ್ದ. ನಮ್ಮ ಗುಂಪಿನಲ್ಲಿ ಅಷ್ಟು ಸುಲಿಯುವವರು ಇನ್ನೊಬ್ಬರಿರಲಿಲ್ಲ. ಬಲಗೈ ಹೆಬ್ಬೆರಳಿನ ಬುಡ ಕಲ್ಲಾಗಿತ್ತು. ಆಳು ಕುಳ್ಳ, ಮಾತು ಜೋರು. ದೇವರಂಥವನು ಅಂತ ಈಗ ಹಟ್ಟಿಯಲ್ಲಿ ಎಲ್ಲರೂ ಹೇಳುತ್ತಾರೆ. ದೇವರಂಥವನೇನೂ ಅಲ್ಲ. ವಾರಕ್ಕೊಂದು ದಿನ ಕುಡಿಯುತ್ತಿದ್ದ. ನನಗೆ ಎರಡು ಸಲ ಹೊಡೆದಿದ್ದಾನೆ. ಮೂರನೇ ಸಲ ಕೈ ಎತ್ತಿದಾಗ ನಾನು ಸೌದೆ ಎತ್ತಿಕೊಂಡೆ. ಆಮೇಲೆ ಹೊಡೆಯಲಿಲ್ಲ. ಆದರೆ ಸುಳ್ಳು ಹೇಳುವವನಲ್ಲ. ಕುಡಿದು ಬಂದರೆ ಬಾಗಿಲಲ್ಲೇ ನಿಂತು ‘ಕುಡ್ದಿದೀನಿ ಕಣೇ’ ಅನ್ನುತ್ತಿದ್ದ.

ನಮ್ಮ ಹಟ್ಟಿಯಲ್ಲಿ ಮೂವತ್ತೆರಡು ಮನೆ. ಸುತ್ತ ಎಲ್ಲಿ ನೋಡಿದರೂ ತೆಂಗು. ಒಂದು ಮರವೂ ನಮ್ಮದಲ್ಲ. ಮನೆ ಕಟ್ಟಿಕೊಂಡಿರುವ ಜಾಗವೂ ನಮ್ಮ ಹೆಸರಿಗೆ ಆಗಿಲ್ಲ. ಪಂಚಾಯ್ತಿ ಪುಸ್ತಕದಲ್ಲಿ ಮೂವತ್ತೆರಡು ಮನೆಗೂ ಒಂದೇ ನಂಬರು. ಗಂಡಸರು ಸುಲಿಯುತ್ತಾರೆ, ಹೆಂಗಸರು ಮಟ್ಟೆ ಒಟ್ಟುತ್ತಾರೆ, ಕೊಬ್ಬರಿ ಒಡೆಯುತ್ತಾರೆ. ಹತ್ತಿರದ ತೋಟವಾದರೆ ಬೆಳಕು ಹರಿಯುವಾಗ ಹೋಗಿ ಮಧ್ಯಾಹ್ನ ತಿರುಗಿದ ಮೇಲೆ ಬರುತ್ತೇವೆ. ಮಾಯಸಂದ್ರದ ಕಡೆಗೋ ಹಂದನಕೆರೆ ಕಡೆಗೋ ಕರೆದರೆ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ ಇಪ್ಪತ್ತು ದಿನ ಅಲ್ಲೇ ಇರುತ್ತೇವೆ.

ಅಂಥ ಮಕ್ಕಳು ಯಾವ ಶಾಲೆಯಲ್ಲಿ ನಿಲ್ಲುತ್ತವೆ? ನಮ್ಮ ಮಗಳು ಸುಷ್ಮಿತಾಳನ್ನು ಮೂರು ಮೈಲಿ ಆಚೆಯ ದೊಡ್ಡ ಶಾಲೆಗೆ ಸೇರಿಸಿದ್ದೆವು. ಇಪ್ಪತ್ತು ದಿನ ತಪ್ಪಿಸಿಕೊಂಡಳು ಅಂತ ಪುಸ್ತಕದಿಂದ ಹೆಸರು ಹೊಡೆದುಹಾಕಿದರು. ಕೈಕಾಲು ಹಿಡಿದು ಮತ್ತೆ ಸೇರಿಸಿದೆವು. ಮತ್ತೆ ಹೆಸರು ಹೊಡೆದರು. ಮೂರನೇ ಸಲ ಅವಳೇ ಹೋಗಲ್ಲ ಅಂದಳು. ಮೂರನೇ ಕ್ಲಾಸಿಗೆ ನಿಂತಳು. ಈಗ ಅಮ್ಮಸಂದ್ರದಲ್ಲಿ ಸೊಸೆ. ಮಗಳ ಮದುವೆ ದಿನ ಇವನು ಊಟ ಮಾಡಲಿಲ್ಲ. ಯಾಕೆ ಅಂದರೆ, ‘ಹುಡ್ಗ ಲಗ್ನಪತ್ರಿಕೆ ಓದ್ದ. ಇವ್ಳು ಅದ್ರಲ್ಲಿರೋ ಬೊಂಬೆ ನೋಡಿದ್ಳು’ ಅಂದ.

ಎಂಟು ವರ್ಷದ ಹಿಂದೆ ಸರ್ಕಾರದವರು ನಮ್ಮ ಹಟ್ಟಿಯಲ್ಲೇ ಒಂದು ಶಾಲೆ ಮಾಡಿದರು. ಬೇರೆ ಥರದ ಶಾಲೆ. ಒಂದನೇ ಕ್ಲಾಸು ಎರಡನೇ ಕ್ಲಾಸು ಅಂತಿಲ್ಲ. ಒಂದೇ ಕೋಣೆ, ನಾಲ್ಕು ಚಾಪೆ. ಮಕ್ಕಳಿಗೆ ಕಾರ್ಡು ಕೊಡುತ್ತಾರೆ. ಒಂದು ಕಾರ್ಡು ಕಲಿತರೆ ಇನ್ನೊಂದು. ಮಗು ಇಪ್ಪತ್ತು ದಿನ ತೋಟಕ್ಕೆ ಹೋಗಿ ಬಂದರೆ ಎಲ್ಲಿ ಬಿಟ್ಟಿತ್ತೋ ಆ ಕಾರ್ಡಿನಿಂದಲೇ ಶುರು. ಹೆಸರು ಹೊಡೆಯುವುದಿಲ್ಲ, ಫೇಲು ಮಾಡುವುದಿಲ್ಲ. ಬೆಳಗ್ಗೆ ಏಳಕ್ಕೇ ಬಾಗಿಲು ತೆಗೆಯುತ್ತಾರೆ, ತಾಯಂದಿರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿಟ್ಟು ಹೋಗಲಿ ಅಂತ. ಯೋಗಿತಾ ಮೇಡಂ ಒಬ್ಬರೇ ಟೀಚರು.

ಇವನನ್ನು ಪ್ರೆಸಿಡೆಂಟ್ ಮಾಡಿದರು. ಶಾಲೆಗೊಂದು ಕಮಿಟಿ ಇರಬೇಕಂತೆ, ಅದಕ್ಕೊಬ್ಬ ಅಧ್ಯಕ್ಷ. ಸಭೆಗೆ ಬಂದಿದ್ದ ಗಂಡಸು ಇವನೊಬ್ಬನೇ, ಅದಕ್ಕೇ ಆದ. ರುಜು ಹಾಕಲು ಬರುತ್ತಿರಲಿಲ್ಲ. ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಹದಿನೈದು ದಿನದಲ್ಲಿ ಹೆಸರು ಬರೆಯುವುದನ್ನು ಕಲಿತ. ಆಮೇಲೆ ಕಂಡ ಕಂಡ ಕಡೆ ಬರೆದ. ನಮ್ಮ ಮನೆಯ ಗೋಡೆ, ನೀರಿನ ತೊಟ್ಟಿ, ಮಲ್ಲಿಕಾರ್ಜುನಯ್ಯನವರ ತೋಟದ ಪಂಪ್‌ಹೌಸ್ ಬಾಗಿಲು.

ಮಲ್ಲಿಕಾರ್ಜುನಯ್ಯನವರು ಎಂದರೆ ನಮಗೆ ಕೆಲಸ ಕೊಡುವವರು. ಎಂಟುನೂರು ಮರ ಇದೆ. ಬಾಗಿಲು ನೋಡಿ ನಕ್ಕರು.

“ಏನ್ಲಾ ಚಿಕ್ಕ, ಪ್ರೆಸಿಡೆಂಟ್ ಆದ್ಯಂತೆ. ಇನ್ ಮ್ಯಾಲೆ ನಮ್ ಕಾಯಿ ಯಾರ್ಲಾ ಸುಲಿಯೋರು?”

“ನಾನೇ ಅಯ್ಯ. ಪ್ರೆಸಿಡೆಂಟ್ರು ಸುಲುದ್ರೆ ಕಾಯಿ ಏನು ಹುಳಿಯಾಗ್ತದಾ?”

“ಬಾಯಿ ಮಾತ್ರ ಜಾಸ್ತಿಯಾಯ್ತು ಕಣ್ಲಾ ನಿಂದು.”

“ನಿಮ್ ಮೊಮ್ಮಗನ್ನೂ ಕಳಿಸಿ ಅಯ್ಯ. ಮೇಡಂ ಚಂದಾಗಿ ಹೇಳ್ಕೊಡ್ತಾರೆ.”

ಕಳಿಸಿದರು. ಸುಳ್ಳು ಹೇಳಬಾರದು. ಮೊದಲ ಎರಡು ವರ್ಷ ತೋಟದವರ ಮನೆಯ ಹನ್ನೊಂದು ಮಕ್ಕಳು ಬಂದವು. ಆಗ ಶಾಲೆಯಲ್ಲಿ ಮೂವತ್ತು ಮಕ್ಕಳು. ಸರ್ಕಾರದ ದುಡ್ಡು ಮಕ್ಕಳ ಲೆಕ್ಕದ ಮೇಲೆ ಬರುತ್ತದೆ. ಮೂವತ್ತು ಮಕ್ಕಳ ದುಡ್ಡಿನಲ್ಲಿ ಬಣ್ಣ ಬಳಿದರು, ಕಕ್ಕಸು ಕಟ್ಟಿದರು, ಫ್ಯಾನು ಹಾಕಿದರು. ಆಮೇಲೆ ಯಾರೋ ಹೆಂಗಸು ತನ್ನ ಮಗ ಮನೆಯಲ್ಲಿ ಸುಲಿಯೋರ ಥರ ಮಾತಾಡುತ್ತಾನೆ ಅಂತ ಗೋಳಾಡಿದಳು. ಇನ್ನೊಬ್ಬಳಿಗೆ ತಲೆಯಲ್ಲಿ ಹೇನು ಸಿಕ್ಕಿತು. ಹೇನು ಸುಲಿಯುವವರ ಮನೆಯದೇ ಅಂತ ಹೇನು ಹೇಳಿತಾ? ಆ ಬೇಸಗೆ ಕಳೆದು ಜೂನ್ ಬಂದಾಗ ಪ್ರೈವೇಟ್ ಶಾಲೆಯ ಹಳದಿ ವ್ಯಾನು ಬಂತು. ಹನ್ನೊಂದೂ ವ್ಯಾನು ಹತ್ತಿದವು. ಅಂದಿನಿಂದ ಅದು ಸುಲಿಯೋರ ಸ್ಕೂಲು. ಹಟ್ಟಿಯಲ್ಲೂ ಎರಡು ಕಾಸು ಕಂಡವರು ವ್ಯಾನಿಗೆ ಹಾಕಿದರು. ಹೋದ ವರ್ಷ ಉಳಿದದ್ದು ಹದಿಮೂರು.

ಹತ್ತಕ್ಕಿಂತ ಕಡಿಮೆಯಾದರೆ ದುಡ್ಡು ನಿಲ್ಲುತ್ತದೆ, ಶಾಲೆಯನ್ನು ದೊಡ್ಡ ಶಾಲೆಗೆ ಸೇರಿಸಿ ಬೀಗ ಹಾಕುತ್ತಾರೆ. ಇದು ಇವನಿಗೆ ಗೊತ್ತಿತ್ತು. ಪ್ರತಿ ಬೇಸಗೆ ಮನೆಮನೆಗೆ ಹೋಗುತ್ತಿದ್ದ. ಹೆಸರು ಕೇಳಿ ಮೇಡಂಗೆ ಹೇಳುತ್ತಿದ್ದ, ಅವರು ಬರೆದುಕೊಂಡು ಕಂಪ್ಯೂಟರಿಗೆ ಹಾಕುತ್ತಿದ್ದರು.

ಇಲ್ಲೇ ಎಡವಟ್ಟಾದದ್ದು. ನಮ್ಮ ಮನೆದೇವರು ರಂಗನಾಥಸ್ವಾಮಿ. ನಮ್ಮಲ್ಲಿ ಚೊಚ್ಚಲ ಗಂಡಿಗೆ ಮನೆದೇವರ ಹೆಸರೇ ಇಡಬೇಕು. ಹೆಸರು ಇಡುತ್ತೇವೆ, ಕರೆಯುವುದಿಲ್ಲ. ದೇವರ ಹೆಸರು ಹಿಡಿದು ಮಗುವನ್ನು ಬೈಯಲು ಆಗುತ್ತದಾ, ‘ಗೊಣ್ಣೆ ಒರೆಸಿಕೊಳ್ಳೋ ರಂಗನಾಥ’ ಅನ್ನಲು ಆಗುತ್ತದಾ? ಹಾಗಾಗಿ ಗುಂಡ, ಮೋಟ, ಕೆಂಚ, ಪಾಪು, ದಬ್ಬ. ಈ ಐದೂ ಹುಡುಗರು ಪುಸ್ತಕದಲ್ಲಿ ರಂಗನಾಥ. ಅವರ ಅಪ್ಪಂದಿರೂ ಚೊಚ್ಚಲ ಗಂಡುಗಳೇ, ಐದು ಜನವೂ ರಂಗಪ್ಪ. ಐದು ಮಕ್ಕಳೂ ಹುಟ್ಟಿದ್ದು ಒಂದೇ ವರ್ಷ, ಪುಸ್ತಕದಲ್ಲಿ ಜೂನ್ ಒಂದು. ಮನೆ ನಂಬರು ಒಂದೇ. ಮೇಡಂ ಕೂಡ ಅವರನ್ನು ಗುಂಡ ಮೋಟ ಅಂತಲೇ ಕರೆಯುತ್ತಿದ್ದರು. ಇಲ್ಲದಿದ್ದರೆ ಹೇಗೆ ಕರೆಯುವುದು?

ನಮಗೆ ಇದರಲ್ಲಿ ವಿಶೇಷ ಏನೂ ಕಾಣಿಸಿರಲಿಲ್ಲ. ಕಂಪ್ಯೂಟರಿಗೆ ಕಾಣಿಸಿತು. ಒಬ್ಬನೇ ಹುಡುಗನನ್ನು ಐದು ಸಲ ಬರೆದಿದ್ದಾರೆ ಅಂತ ಹೇಳಿತು. ಹೋದ ಕಾರ್ತಿಕದಲ್ಲಿ ಶಿಕ್ಷಣ ಇಲಾಖೆಯ ಆಫೀಸಿನಿಂದ ರೇಣುಕಪ್ರಸಾದ್ ಅನ್ನುವ ಸಾಹೇಬರು ನೋಡಲು ಬಂದರು. ಮೇಡಂ ಆ ದಿನ ಟ್ರೈನಿಂಗಿಗೆ ಹೋಗಿದ್ದರು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದವನು ಇವನು. ಬಿಸಿಯೂಟಕ್ಕೆ ಸೌದೆ ಹೊತ್ತು ತಂದಿದ್ದ ನಾನು ಬಾಗಿಲಲ್ಲಿದ್ದೆ. ನನ್ನ ಕಣ್ಣ ಮುಂದೆ ನಡೆದದ್ದನ್ನೇ ಬರೆಯುತ್ತಿದ್ದೇನೆ.

ಸಾಹೇಬರು ಪುಸ್ತಕ ತೆಗೆದು ಜೋರಾಗಿ ಕರೆದರು.

“ರಂಗನಾಥ ಬಿನ್ ರಂಗಪ್ಪ!”

ಯಾವ ಮಗುವೂ ಏಳಲಿಲ್ಲ. ಪಾಪು ಮಾತ್ರ ಕಣ್ಣು ಮುಚ್ಚಿ ಕೈ ಮುಗಿದ. ಆ ಹೆಸರು ಜೋರಾಗಿ ಕೂಗಿದರೆ ಕೈ ಮುಗಿಯಬೇಕು ಅಂತ ಮನೆಯಲ್ಲಿ ಕಲಿಸಿದ್ದಾರೆ.

“ಏನಿದು, ನಾಟಕನಾ?” ಅಂದರು ಸಾಹೇಬರು.

ಇವನು ಓಡಿ ಬಂದ. “ಏಳ್ರಲಾ, ಸಾಹೇಬ್ರು ಕರೀತಾವ್ರೆ! ಏಯ್ ಗುಂಡ, ಏಳ್ಲಾ. ಮೋಟ, ನೀನೂವೆ.”

“ಪ್ರೆಸಿಡೆಂಟ್ರೇ, ನಾನು ಕರೆದದ್ದು ರಂಗನಾಥನ್ನ. ನೀವು ಗುಂಡನ್ನ ಎಬ್ಬಿಸ್ತಿದೀರಿ.”

“ಅವ್ನೇ ಸಾ ಇವ್ನು.”

“ಅವನು ಯಾರು ಮತ್ತೆ, ಪಕ್ಕದಲ್ಲಿ?”

“ಅವ್ನೂ ರಂಗನಾಥ್ನೇ ಸಾ.”

“ಅವನ ಅಪ್ಪ?”

“ರಂಗಪ್ಪ.”

“ಇವನ ಅಪ್ಪ?”

“ಇವ್ನಪ್ಪನೂ ರಂಗಪ್ಪ್ನೇ. ಬ್ಯಾರೆ ರಂಗಪ್ಪ ಸಾ.”

ಸಾಹೇಬರ ಜೊತೆ ಬಂದಿದ್ದ ಗುಮಾಸ್ತ ಕಿಸಕ್ಕನೆ ನಕ್ಕ.

“ಎಲ್ಲರೂ ಹುಟ್ಟಿದ್ದು ಜೂನ್ ಒಂದನೇ ತಾರೀಖಾ?”

“ಎಲ್ರೂವೆ ಸಾ.”

“ಏನ್ರೀ, ನಿಮ್ಮ ಹಟ್ಟಿ ಹೆಂಗಸರು ಮಾತಾಡಿಕೊಂಡು ಒಂದೇ ದಿನ ಹೆರ್ತಾರಾ?”

ಇವನೂ ನಕ್ಕುಬಿಟ್ಟ. ದೊಡ್ಡವರು ತಮಾಷೆ ಮಾಡಿದರು, ನಗಬೇಕು ಅಂದುಕೊಂಡ. ನನಗೆ ಮೈ ಉರಿಯಿತು. ಸೌದೆ ಕೆಳಗೆ ಹಾಕಿ ಏನಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದೆ, ಅಷ್ಟೆ. ಸಾಹೇಬರು ನಿಂತುಕೊಂಡೇ ಬರೆದರು, ಜೀಪು ಹತ್ತಿದರು. ಕಾಲು ಗಂಟೆಯೂ ಆಗಿರಲಿಲ್ಲ.

ಹದಿನೈದು ದಿನಕ್ಕೆ ಕಾಗದ ಬಂತು. ಮೇಡಂ ಓದಿದರು. ಐದು ರಂಗನಾಥರಲ್ಲಿ ಒಬ್ಬನನ್ನು ಇಟ್ಟುಕೊಂಡು ನಾಲ್ವರನ್ನು ತೆಗೆದಿದ್ದಾರೆ. ಯಾರನ್ನು ಇಟ್ಟುಕೊಂಡಿದ್ದಾರೆ ಅಂತ ಕಾಗದದಲ್ಲಿ ಇಲ್ಲ. ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹದಿಮೂರರಲ್ಲಿ ನಾಲ್ಕು ಹೋದರೆ ಒಂಬತ್ತು. ಈ ವರ್ಷದ ದುಡ್ಡು ಬರುವುದಿಲ್ಲ. ಜೂನ್ ಬಂದರೆ ಬೀಗ. ಕೊನೆಯಲ್ಲಿ ಒಂದು ಸಾಲು ಇತ್ತು. ಅಧ್ಯಕ್ಷರಾದ ಚಿಕ್ಕರಂಗಯ್ಯನವರು ಅನುದಾನ ಪಡೆಯುವ ಉದ್ದೇಶದಿಂದ ಸುಳ್ಳು ಹೆಸರುಗಳನ್ನು ದಾಖಲಿಸಿರುವುದು ಕಂಡುಬಂದಿದೆ.

“ಉದ್ದೇಶ ಅಂದ್ರೇನು ಮೇಡಂ?” ಅಂತ ಕೇಳಿದ.

“ಬೇಕು ಅಂತಲೇ ಮಾಡೋದು ಅಂತ.”

“ನಾನು ಬೇಕು ಅಂತ ಸುಳ್ಳು ಹೇಳ್ದೆ ಅಂತ ಬರೆದವ್ರಾ?”

ಮೇಡಂ ಕಾಗದ ಮಡಚಿಟ್ಟರು. ಅವರಿಗೂ ನೋಟಿಸು ಬಂದಿತ್ತು. ಹೆಸರುಗಳನ್ನು ಕೊಟ್ಟವರು ಅಧ್ಯಕ್ಷರು ಅಂತ ಅವರು ಉತ್ತರ ಬರೆದುಕೊಟ್ಟರು. ಕೊಟ್ಟದ್ದು ಇವನೇ, ನಿಜ. ಸುಳ್ಳು ಹೆಸರು ಅಂತ ಮೇಡಂ ಬರೆಯಲಿಲ್ಲ. ನಿಜವಾದ ಹೆಸರು ಅಂತಲೂ ಬರೆಯಲಿಲ್ಲ. ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಉತ್ತರ ನನಗೆ ಮರೆಯುವುದಿಲ್ಲ.

ಇವನು ಒಂಬತ್ತು ಸಲ ಆಫೀಸಿಗೆ ಹೋದ. ಹೋದ ದಿನವೆಲ್ಲ ಕೂಲಿ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸೋಮವಾರ ಬನ್ನಿ, ಜನನ ಪ್ರಮಾಣ ಪತ್ರ ತನ್ನಿ. ಐದೂ ಮಕ್ಕಳು ಆಸ್ಪತ್ರೆಯಲ್ಲಿ ಹುಟ್ಟಿದವೇ. ಆದರೆ ಆಸ್ಪತ್ರೆಯವರು ಕಾಗದ ಕೊಡುವಾಗ ಇನ್ನೂ ಹೆಸರಿಟ್ಟಿರಲಿಲ್ಲ. ಹೆಸರಿನ ಜಾಗದಲ್ಲಿ ‘ಗಂಡು ಮಗು’ ಅಂತ ಮಾತ್ರ ಇರುತ್ತದೆ. ಆ ಕಾಗದವೂ ಮೂರು ಮನೆಯಲ್ಲಿ ಇಲ್ಲ. ಒಂದನ್ನು ಇಲಿ ತಿಂದಿದೆ, ಒಂದು ಸೋರಿ ನೆನೆದುಹೋಗಿದೆ, ಒಂದು ಎಲ್ಲಿದೆಯೋ ಗೊತ್ತಿಲ್ಲ. ಉಳಿದ ಎರಡನ್ನು ಹಿಡಿದುಕೊಂಡು ಹೋದ. “ಇದರಲ್ಲಿ ಹೆಸರೇ ಇಲ್ಲವಲ್ರೀ, ತಾರೀಖೂ ಬೇರೆ. ಜೂನ್ ಒಂದು ಅಂತ ಯಾಕೆ ಬರೆಸಿದಿರಿ?” ಅಂದರಂತೆ. ಮಕ್ಕಳನ್ನೇ ಕರೆತರಲೇ ಅಂತ ಕೇಳಿದನಂತೆ. ಬೇಡ, ನಾವು ನೋಡಿದ್ದಾಯಿತು ಅಂದರಂತೆ.

ಮನೆಗೆ ಬಂದು ಮಾತು ಬಿಟ್ಟ. ಜೋರು ಮಾತಿನ ಮನುಷ್ಯ. ಗುಂಪಿನವರು ಕೆಣಕುತ್ತಿದ್ದರು. “ಪ್ರೆಸಿಡೆಂಟ್ರೇ, ಇವತ್ತು ಎಷ್ಟು ಕಾಯಿ, ನಿಜವಾದ್ವು ಎಷ್ಟು, ಸುಳ್ಳು ಎಷ್ಟು?” ಅನ್ನುವರು. ಮೊದಲಾದರೆ ಒಂದಕ್ಕೆ ನಾಲ್ಕು ಉತ್ತರ ಕೊಡುತ್ತಿದ್ದ. ಈಗ ಕಾಯಿ ಕುಕ್ಕುತ್ತಲೇ ಇರುತ್ತಿದ್ದ.

ಮಲ್ಲಿಕಾರ್ಜುನಯ್ಯನವರ ತೋಟದಲ್ಲೇ ಹೋದ. ಮಧ್ಯಾಹ್ನ ಎರಡು ಗಂಟೆ. ನಾನು ಈ ಕಡೆ ಮಟ್ಟೆ ಒಟ್ಟುತ್ತಿದ್ದೆ. ಅವನು ಕಾಯಿ ಕುಕ್ಕುವ ಸದ್ದು ನಿಂತಿತು. ನಾನು ತಿರುಗಿ ನೋಡಲಿಲ್ಲ. ಬೀಡಿ ಹಚ್ಚುತ್ತಿರಬೇಕು ಅಂದುಕೊಂಡೆ. ಎಷ್ಟು ಹೊತ್ತು ಅಂದುಕೊಂಡಿದ್ದೆನೋ. ಆಮೇಲೆ ಯಾರೋ ಕಿರುಚಿದರು. ಎದೆ ನಿಂತುಹೋಗಿತ್ತು. ಆಸ್ಪತ್ರೆಗೆ ಒಯ್ಯುವ ಕೆಲಸವೂ ಇರಲಿಲ್ಲ.

ಹನ್ನೊಂದನೇ ದಿನ ಅಂಚೆಯಲ್ಲಿ ಇನ್ನೊಂದು ಕಾಗದ. ಶ್ರೀ ಚಿಕ್ಕರಂಗಯ್ಯನವರು ಏಳು ದಿನದೊಳಗೆ ಉತ್ತರ ಕೊಡತಕ್ಕದ್ದು. ಕೊಡದಿದ್ದರೆ ಹೇಳುವುದೇನೂ ಇಲ್ಲವೆಂದು ತಿಳಿಯಲಾಗುವುದು. ಹೌದು, ಹೇಳುವುದೇನೂ ಉಳಿದಿರಲಿಲ್ಲ ಅವನಿಗೆ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಜೂನ್ ಒಂದು ಅಂತ ಬರೆಸಿದವಳು ನಾನು. ಮೊದಲ ವರ್ಷ ಮೇಡಂ ಹುಟ್ಟಿದ ದಿನ ಕೇಳಿದಾಗ ತಾಯಂದಿರು ಬಾಯಿ ಬಾಯಿ ಬಿಟ್ಟರು. ಒಬ್ಬಳು ಹುರುಳಿ ಕೀಳುವಾಗ ಅಂದಳು, ಒಬ್ಬಳು ಹಬ್ಬ ಕಳೆದು ಎಂಟಕ್ಕೆ ಅಂದಳು. ಇವನು ನನ್ನ ಮುಖ ನೋಡಿದ. ನಾನು ನಾಲ್ಕನೇ ಕ್ಲಾಸು ಓದಿದವಳು, ಮನೆಯಲ್ಲಿ ನಾನೇ ಬಲ್ಲವಳು. “ಜೂನ್ ಒಂದು ಬರ್ಸು ಕಣಯ್ಯ. ನಂಗೂ ನಮ್ ಮೇಷ್ಟ್ರು ಅದೇ ಬರ್ದಿದ್ರು” ಅಂದೆ. ಆ ದಿನ ಬರೆದರೆ ವಯಸ್ಸು ಸರಿಹೋಗುತ್ತೆ ಅಂತ ನಮ್ಮ ಕಾಲದಲ್ಲಿ ಎಲ್ಲರಿಗೂ ಹಾಗೇ ಬರೆಯುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಸೇರಿದ ಮಕ್ಕಳಿಗೂ ಇವನು ಅದೇ ದಿನ ಬರೆಸಿದ. ಆಫೀಸಿನವರು ಅಷ್ಟು ಕೇಳಿದಾಗಲೂ ಇವನು ನನ್ನ ಹೆಂಡತಿ ಹೇಳಿದಳು ಅನ್ನಲಿಲ್ಲ. ಮನೆಗೆ ಬಂದು ನನಗೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಮೇ ತಿಂಗಳಲ್ಲಿ ನಾನು ಐದು ಮಕ್ಕಳ ತಾಯಂದಿರನ್ನು ಕೂರಿಸಿಕೊಂಡೆ. ಆಫೀಸಿಗೆ ಹೋಗೋಣ, ಐವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸೋಣ ಅಂದೆ. ಒಬ್ಬನೇ ಹುಡುಗ ಐದು ಕಡೆ ಒಟ್ಟಿಗೆ ನಿಲ್ಲಲಾರ. ಅದಕ್ಕಿಂತ ದೊಡ್ಡ ಕಾಗದ ಯಾವುದಿದೆ?

ಗುಂಡನ ತಾಯಿ ಚಿಕ್ಕಗೌರಮ್ಮ ಮೊದಲು ಬಾಯಿ ತೆಗೆದಳು. “ಕೂಲಿ ಬುಟ್ಟು ಬರಕ್ಕಾಗಕ್ಕಿಲ್ಲ ಕಣಕ್ಕ. ನಿಂಗೇನು, ಒಂದು ಹೊಟ್ಟೆ.”

“ಒಂದೇ ಹೊಟ್ಟೆ ಕಣೇ. ಇನ್ನೊಂದು ಹೊಟ್ಟೆ ನಿನ್ ಮಗನ ಹೆಸ್ರಿಗೆ ಅಲೆದಲೆದೇ ಹೋಯ್ತು.”

“ಅಂಗಲ್ಲ ಕಣಕ್ಕ. ದೊಡ್ಡಿಸ್ಕೂಲ್ ಐತಲ್ಲ, ಅಲ್ಲಿಗೇ ಹೋಗ್ತವೆ ಬುಡು.”

“ನಮ್ ಸುಷ್ಮಿತಾನೂ ಅಲ್ಲಿಗೇ ಹೋಗಿದ್ಳು. ಹಂದನಕೆರೆ ಕಡೆ ಕಾಯಿಗೆ ಹೋಗಿ ಬಂದ್ಮೇಲೆ ನಿನ್ ಗುಂಡನ್ನ ಒಳೀಕ್ ಬುಟ್ಕೊಂಡ್ರೆ ನನ್ ತಲೆ ಬೋಳ್ಸು.”

ಕೆಂಚನ ತಾಯಿ ರಾಮಲಕ್ಷ್ಮಮ್ಮ ನಾನು ಬತ್ತೀನಿ ಅಂದಳು. ಒಬ್ಬಳು ಒಪ್ಪಿದ ಮೇಲೆ ಉಳಿದವರಿಗೆ ಬೇಡ ಅನ್ನಲು ನಾಚಿಕೆಯಾಯಿತು.

ನಾಲ್ಕು ದಿನ ಮಕ್ಕಳಿಗೆ ಕಲಿಸಿದೆ. “ರಂಗನಾಥ ಅಂತ ಕರುದ್ರೆ ಎದ್ದು ‘ಬಂದೆ ಸಾ’ ಅನ್ಬೇಕು. ಪಾಪು, ಕೈ ಮುಗೀಬ್ಯಾಡ ಕಣ್ಲಾ.” ಪಾಪು ಮೂರು ದಿನ ಮುಗಿಯುತ್ತಲೇ ಇದ್ದ. ನಾಲ್ಕನೇ ದಿನ ಎರಡು ಕೈಯನ್ನೂ ಚಡ್ಡಿಯೊಳಗೆ ತುರುಕಿಕೊಂಡು “ಬಂದೆ ಸಾ” ಅಂದ.

ಕಾಯಿ ತುಂಬುವ ಲಗೇಜ್ ಆಟೋ ಕೇಳಲು ಮಲ್ಲಿಕಾರ್ಜುನಯ್ಯನವರ ಮನೆಗೆ ಹೋದೆ.

“ಎಲ್ರೂ ಹೊಂಟ್ರೆ ಹೆಂಗಮ್ಮ ರಾಮಕ್ಕ? ತೋಟ್ದಲ್ಲಿ ಹತ್ ಸಾವಿರ ಕಾಯಿ ಬಿದ್ದವೆ” ಅಂದರು.

“ನಿಮ್ ತೋಟ್ದಲ್ಲೇ ಒಬ್ಬ ಬಿದ್ದ, ಅಯ್ಯ” ಅಂದೆ.

ಅವರು ನನ್ನ ಮುಖ ನೋಡಲಿಲ್ಲ. ಡ್ರೈವರ್‌ನನ್ನು ಕರೆದು ಕೀ ಕೊಟ್ಟರು. ಡೀಸೆಲ್ ದುಡ್ಡು ಕೇಳಲಿಲ್ಲ. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಆಫೀಸಿನ ಹೊರಗಿನ ಬೆಂಚು ನೋಡಿದೆ. ಅವನು ಒಂಬತ್ತು ದಿನ ಕೂತಿದ್ದ ಬೆಂಚು. ನಾನು ಕೂರಲಿಲ್ಲ. ಐದು ಮಕ್ಕಳನ್ನು, ಐವರು ತಾಯಂದಿರನ್ನು ಕರೆದುಕೊಂಡು ನೇರ ಒಳಗೆ ಹೋದೆ. ಜವಾನ ತಡೆಯಲು ಬಂದ. ದಾರಿ ಬಿಡು ಅಂದೆ, ಬಿಟ್ಟ.

“ಯಾರಮ್ಮ ನೀವು?” ಅಂದರು ರೇಣುಕಪ್ರಸಾದ್ ಸಾಹೇಬರು.

“ಸುಳ್ಳು ಹೇಳ್ದ ಪ್ರೆಸಿಡೆಂಟ್ ಹೆಂಡ್ತಿ. ನೀವು ನೋಟಿಸ್ ಕಳ್ಸಿದ್ರಲ್ಲ, ಉತ್ರ ತಂದಿದೀನಿ. ಕರೀರಿ ಸಾ, ರಂಗನಾಥ ಬಿನ್ ರಂಗಪ್ಪ ಅಂತ.”

ಅವರು ಕರೆಯಲಿಲ್ಲ. ನಾನೇ ಕರೆದೆ. ಐದು ಹುಡುಗರೂ ಒಟ್ಟಿಗೆ “ಬಂದೆ ಸಾ” ಅಂತ ಕೂಗಿದರು. ಪಕ್ಕದ ಕೋಣೆಯಿಂದ ಜನ ಎದ್ದು ಬಂದರು. ಗುಮಾಸ್ತ ಮತ್ತೆ ನಕ್ಕ. ಸಾಹೇಬರು ನಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದರು. ಐದು ಮುಖ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೂತ್ಕೊಳ್ಳಿ” ಅಂದರು.

“ಒಂಬತ್ ದಿನ ಕೂತಿದ್ದಾಯ್ತು ಸಾ ನಮ್ಮನೆಯೋರು. ಈಗ ನಿಂತೇ ಕೇಳ್ತೀನಿ.”

“ಇವರಲ್ಲಿ ಪುಸ್ತಕದಲ್ಲಿ ಉಳಿದಿರೋ ರಂಗನಾಥ ಯಾರು?”

“ಅದು ನಿಮ್ಗೆ ಗೊತ್ತಿರ್ಬೇಕು. ಹೆಸ್ರು ಹೊಡ್ದೋರು ನೀವು.”

ಅವರು ಕಂಪ್ಯೂಟರ್ ತಿರುಗಿಸಿ ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು. ತೆಗೆದ ಹೆಸರನ್ನು ವಾಪಸ್ಸು ಹಾಕುವುದು ತಮ್ಮ ಕೈಯಲ್ಲಿಲ್ಲ. ನಾಲ್ವರನ್ನು ಹೊಸದಾಗಿ ಸೇರಿಸಿಕೊಳ್ಳಬಹುದು. ಆಗ ಹದಿಮೂರಾಗುತ್ತದೆ, ಶಾಲೆ ಉಳಿಯುತ್ತದೆ, ನಿಂತಿರುವ ದುಡ್ಡೂ ಬರುತ್ತದೆ. ಆದರೆ ಹುಟ್ಟಿದ ದಿನ ಬೇರೆ ಬೇರೆ ಇರಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಮತ್ತೆ ಒಬ್ಬನೇ ಅನ್ನುತ್ತದೆ. ಗುಮಾಸ್ತನಿಗೆ ಹೇಳಿದರು, “ಜೂನ್ ಎರಡು, ಮೂರು, ನಾಲ್ಕು, ಐದು ಹಾಕ್ರಿ.”

“ಆ ದಿನ ಹುಟ್ಟಿಲ್ಲ ಸಾ ಇವು” ಅಂದೆ.

“ಜೂನ್ ಒಂದಕ್ಕೂ ಹುಟ್ಟಿರಲಿಲ್ಲವಲ್ಲಮ್ಮ.”

ಗುಮಾಸ್ತ ನಾಲ್ಕೂ ತಾರೀಖು ಬರೆದುಕೊಂಡ.

ಆಮೇಲೆ ಒಂದು ಹಾಳೆ ಟೈಪ್ ಮಾಡಿಸಿ ಮುಂದಿಟ್ಟರು. ಪ್ರೆಸಿಡೆಂಟರ ನೋಟಿಸಿಗೆ ಉತ್ತರ ಬಂದಿಲ್ಲ. ಅದನ್ನು ಮುಚ್ಚದೆ ಹೊಸ ಹೆಸರು ಸೇರಿಸಲು ಬರುವುದಿಲ್ಲ. ಅವರಿಲ್ಲ, ನೀವು ಹೆಂಡತಿ, ನೀವು ರುಜು ಹಾಕಿ ಅಂದರು. ಓದಿದೆ. ಅಕ್ಷರ ಕೂಡಿಸಿ ನಿಧಾನವಾಗಿ ಓದಿದೆ. ಹಿಂದಿನ ಹೆಸರುಗಳು ಸುಳ್ಳೆಂದೂ, ಅವನ್ನು ನನ್ನ ಗಂಡ ತಿಳಿದೇ ಕೊಟ್ಟಿದ್ದನೆಂದೂ, ಅದಕ್ಕೆ ವಿಷಾದಿಸುತ್ತೇನೆಂದೂ ಇತ್ತು.

“ನಿಜವಾದ ಹೆಸ್ರು ಅಂತ ಬರೀರಿ ಸಾ. ಮಕ್ಳು ನಿಮ್ ಕಣ್ ಮುಂದೆ ನಿಂತವೆ.”

“ನನಗೆ ಕಾಣ್ತಿದೆಯಮ್ಮ. ನಿಜ ಅಂತ ಬರೆದ್ರೆ ನಾನು ಮಾಡಿದ ತನಿಖೆ ತಪ್ಪು ಅಂತಾಗುತ್ತೆ. ಫೈಲು ಮೇಲಕ್ಕೆ ಹೋಗುತ್ತೆ. ಬರೋದಕ್ಕೆ ಆರು ತಿಂಗಳೋ, ವರ್ಷವೋ. ಅಷ್ಟು ಹೊತ್ತಿಗೆ ಶಾಲೆಗೆ ಬೀಗ ಬಿದ್ದಿರುತ್ತೆ.”

“ಅಂದ್ರೆ ತಪ್ಪು ನಿಮ್ದು ಅಂತ ನಿಮ್ಗೆ ಗೊತ್ತು.”

ಅವರು ಕನ್ನಡಕ ಹಾಕಿಕೊಂಡರು.

ಆ ಹಾಳೆಯನ್ನು ಹರಿದು ಅವರ ಮುಖದ ಮೇಲೆ ಎಸೆಯಬೇಕು ಅನ್ನಿಸಿತು. ಕೈಯಲ್ಲೇ ಇತ್ತು. ಚಿಕ್ಕಗೌರಮ್ಮ ಹಿಂದಿನಿಂದ ನನ್ನ ಸೆರಗು ಹಿಡಿದು ಎಳೆದಳು.

“ಹಾಕಕ್ಕ. ಸತ್ತೋರ್ಗೆ ಏನು ತಾಗ್ತದೆ? ಇವು ಬದ್ಕಿರೋವು.”

ಅವಳ ಕೆನ್ನೆಗೆ ಬಿಡಬೇಕಿತ್ತು. ಆದರೆ ಗುಂಡ ಅವಳ ಪಕ್ಕದಲ್ಲಿ ನಿಂತು ಗೋಡೆಯ ಮೇಲಿನ ಬೋರ್ಡಿನಲ್ಲಿದ್ದ ಅಕ್ಷರಗಳನ್ನು ಬೆರಳು ತೋರಿಸಿ ಒಂದೊಂದಾಗಿ ಓದುತ್ತಿದ್ದ. ತಪ್ಪು ತಪ್ಪು ಓದುತ್ತಿದ್ದ. ಯಾರೂ ಹೇಳಿರಲಿಲ್ಲ ಓದು ಅಂತ. ನಮ್ಮ ಸುಷ್ಮಿತಾ ಏಳು ವರ್ಷಕ್ಕೆ ಹೀಗೆ ಓದಿದ್ದಳಾ? ನೆನಪಿಗೆ ಬರಲಿಲ್ಲ.

ಪೆನ್ನು ತೆಗೆದುಕೊಂಡು ರುಜು ಹಾಕಿದೆ.

“ಒಳ್ಳೆ ಕೆಲಸ ಮಾಡಿದಿರಿ ತಾಯಿ” ಅಂದರು ಸಾಹೇಬರು.

“ಒಳ್ಳೇದಲ್ಲ ಸಾ. ಒಳ್ಳೇದು ಅಂತ ನೀವು ಹೇಳ್ಬ್ಯಾಡಿ” ಅಂದೆ. ಹೊರಗೆ ಬಂದೆ.

ಹಟ್ಟಿಗೆ ಬರುವವರೆಗೂ ಆಟೋದಲ್ಲಿ ಹೆಂಗಸರು ನಗುತ್ತಿದ್ದರು, ಸಾಹೇಬರ ಮುಖ ಹೇಗಾಯಿತು ಅಂತ ಅಣಕಿಸುತ್ತಿದ್ದರು. ಉಳಿದುಕೊಂಡಿದ್ದ ರಂಗನಾಥ ತನ್ನ ಮಗನೇ ಅಂತ ಇಬ್ಬರು ಜಗಳಕ್ಕೂ ಬಿದ್ದರು. ನಾನು ಬಾಯಿ ತೆಗೆಯಲಿಲ್ಲ. ತೆಗೆದಿದ್ದರೆ ಎಲ್ಲರನ್ನೂ ಬೈಯುತ್ತಿದ್ದೆ.

ಜೂನ್‌ನಲ್ಲಿ ಶಾಲೆ ತೆಗೆದರು. ಹದಿಮೂರು ಮಕ್ಕಳು. ನಿಂತಿದ್ದ ದುಡ್ಡು ಬಂತು, ಬಿಸಿಯೂಟಕ್ಕೆ ಮೊಟ್ಟೆ ಬಂತು. ಚಿಕ್ಕಗೌರಮ್ಮನ ಗಂಡ ಹೊಸ ಪ್ರೆಸಿಡೆಂಟು. ಸಾಹೇಬರು ಬಾಯಿಗೆ ಬಂದಂತೆ ಹೇಳಿದ ನಾಲ್ಕು ತಾರೀಖನ್ನು ಕಂಪ್ಯೂಟರ್ ಒಪ್ಪಿಕೊಂಡಿದೆ. ಅವು ಈಗ ನಿಜ. ಮೇಡಂ ಎರಡು ಸಲ ಮನೆಗೆ ಬಂದು ಶಾಲೆಯ ಕಡೆ ಬನ್ನಿ ರಾಮಕ್ಕ, ಮಕ್ಕಳು ಕೇಳುತ್ತವೆ ಅಂದರು. ಕೆಲಸ ಇದೆ ಅಂದೆ. ಆ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ತೋಟಕ್ಕೆ ಹೋಗುತ್ತೇನೆ.

ಚಿಕ್ಕರಂಗಯ್ಯ ಸುಳ್ಳು ಹೇಳಿರಲಿಲ್ಲ. ನಾನು ಹೇಳಿದೆ. ಆಫೀಸಿನಲ್ಲಿ ಹಾಳೆ ಇದೆ, ರುಜು ನನ್ನದೇ.